ಅಲೆಯೊಂದು ದಡ ಸೇರುವ ಬಗೆ: ಶ್ರೀಲಂಕೆಯ ಕಡಲು ಕಾಡುಗಳ ನಡುವೆ ಎಂಟು ದಿನ

ಶ್ರೀಲಂಕೆ ಎಂದೊಡನೆ ನಮ್ಮವರ ಮನಸ್ಸಿಗೆ ಮೊದಲು ಬರುವುದು ರಾಮಾಯಣ. ಬಳಿಕ ಕ್ರಿಕೆಟ್, ಚಹಾ ತೋಟಗಳು ಮತ್ತು ಕ್ಯಾಂಡಿಯ ದಂತಮಂದಿರ. ಪ್ರವಾಸ ಏಜೆಂಟರು ಸಿದ್ಧಪಡಿಸಿ ಕೊಡುವ ಐದು ದಿನಗಳ ಕಾರ್ಯಕ್ರಮದಲ್ಲಿಯೂ ಇವುಗಳದ್ದೇ ಪ್ರಾಬಲ್ಯ. ಆದರೆ ನಾನಾ ದೇಶಗಳ ತರುಣ ತರುಣಿಯರು ಆ ದ್ವೀಪವನ್ನು ಅರಸಿ ಬರುವುದಕ್ಕೆ ಬೇರೊಂದು ಕಾರಣವಿದೆ. ಉದ್ದನೆಯ ಹಲಗೆಯೊಂದರ ಮೇಲೆ ನಿಂತು ಕಡಲ ಅಲೆಯೊಡನೆ ದಡದತ್ತ ಸಾಗಿ ಬರುವ ಸರ್ಫಿಂಗ್ ಕ್ರೀಡೆಯೇ ಆ ಕಾರಣ. ಪೆಸಿಫಿಕ್ ಸಾಗರದ ದ್ವೀಪಗಳಲ್ಲಿ, ವಿಶೇಷವಾಗಿ ಹವಾಯಿಯಲ್ಲಿ ಬೆಳೆದು ಬಂದ ಈ ವಿದ್ಯೆ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಸ್ಪರ್ಧೆಯ ಸ್ಥಾನ ಪಡೆಯಿತು.

2024ರ ಜುಲೈ ತಿಂಗಳಿನಲ್ಲಿ ನಾವು ಆರು ಮಂದಿ ಗೆಳೆಯರು ಎಂಟು ದಿನಗಳ ಮಟ್ಟಿಗೆ ಶ್ರೀಲಂಕೆಯ ಕರಾವಳಿಯಲ್ಲಿ ಸಂಚರಿಸಿ ಬಂದೆವು. ನಾಲ್ವರು ಮುಂಬಯಿಯವರು, ಇಬ್ಬರು ಚೆನ್ನೈಯಲ್ಲಿ ನೆಲೆಸಿರುವ ಕನ್ನಡಿಗ ದಂಪತಿ. ಎಲ್ಲರೂ ಐವತ್ತರ ಆಚೀಚಿನವರು. ಬ್ಯಾಂಕಿನ ಲೆಡ್ಜರುಗಳ ನಡುವೆ ಮೂರು ದಶಕ ಕಳೆದವರಿಗೆ ಅಲೆಗಳ ಮೇಲೇನು ಕೆಲಸ ಎಂದು ಮನೆಯ ಮಕ್ಕಳೇ ನಕ್ಕದ್ದುಂಟು. ಆದರೆ ಆ ಎಂಟು ದಿನಗಳಲ್ಲಿ ನಮಗೆ ದೊರೆತದ್ದು ಕೇವಲ ಮನೋರಂಜನೆಯಲ್ಲ. ಅಲೆ ಹೇಗೆ ಹುಟ್ಟುತ್ತದೆ, ಹೇಗೆ ಪ್ರಯಾಣ ಮಾಡುತ್ತದೆ, ದಡಕ್ಕೆ ಬಂದಾಗ ಯಾರ ಅಂಕೆಗೆ ಒಳಗಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡು ತಿಳಿಯುವ ಅವಕಾಶ ಅದಾಗಿತ್ತು. ಅಲೆ ಕಡಲಿನದ್ದೇ ಆದರೂ ಅದಕ್ಕೆ ರೂಪ ಕೊಡುವುದು ದಡ. ದಡ ಕೆಟ್ಟರೆ ಆಟವೂ ಕೆಡುತ್ತದೆ, ಊರೂ ಉಳಿಯದು. ಈ ಮಾತನ್ನು ವಾಚಕರಿಗೆ ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಒಂದು ದ್ವೀಪ, ಎರಡು ಕಡಲು

ಮುಂಬಯಿ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿರುವ ಜುಲೈ ತಿಂಗಳಿನಲ್ಲಿ ಕಡಲ ಪ್ರವಾಸ ಕೈಗೊಳ್ಳುವುದು ವಿಚಿತ್ರವೆಂದು ತೋರಬಹುದು. ಭರತದ ಎತ್ತರ 4.5 ಮೀಟರು ದಾಟುವ ದಿನಗಳಲ್ಲಿ ನಮ್ಮ ಮಹಾನಗರಪಾಲಿಕೆ ಸಾರ್ವಜನಿಕರಿಗೆ ಎಚ್ಚರಿಕೆ ಕೊಡುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ಎರಡು ತಿಂಗಳು ಕಡಲಿನ ಬಾಗಿಲು ಮುಚ್ಚಿದಂತೆಯೇ ಸರಿ.

ಶ್ರೀಲಂಕೆಯ ಪಶ್ಚಿಮ ಮತ್ತು ನೈಋತ್ಯ ತೀರಗಳಲ್ಲಿಯೂ ಇದೇ ಸ್ಥಿತಿ. ಕಟುನಾಯಕ ವಿಮಾನ ನಿಲ್ದಾಣದಿಂದ ದಕ್ಷಿಣಕ್ಕೆ ಹೊರಟು ಹಿಕ್ಕಡುವ ಎಂಬ ಊರಿನಲ್ಲಿ ಮೊದಲ ರಾತ್ರಿ ತಂಗಿದಾಗ ನಾವು ಕಂಡದ್ದು ಕೆಂಪು ಬಾವುಟಗಳನ್ನು ನೆಟ್ಟ, ನೊರೆ ಕಾರುತ್ತಿದ್ದ ಕಡಲನ್ನು. ದೋಣಿಗಳನ್ನು ತೆಂಗಿನ ಮರಗಳ ಬುಡಕ್ಕೆ ಎಳೆದು ಕಟ್ಟಿದ್ದರು. ಸರ್ಫಿಂಗ್ ಹಲಗೆಗಳನ್ನು ಬಾಡಿಗೆಗೆ ಕೊಡುವ ಅಂಗಡಿಗಳಲ್ಲಿ ಅನೇಕವು ಮುಚ್ಚಿದ್ದವು. ವಿಚಾರಿಸಿದಾಗ ಅವುಗಳ ಹುಡುಗರು ಪೂರ್ವ ತೀರಕ್ಕೆ ದುಡಿಯಲು ಹೋಗಿದ್ದಾರೆಂದು ತಿಳಿಯಿತು.

ಇದಕ್ಕೆ ಕಾರಣ ಮಾರುತಗಳ ಸರದಿ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ಬೀಸುವಾಗ ಪಶ್ಚಿಮ ತೀರದಲ್ಲಿ ಗಾಳಿ ಕಡಲಿನಿಂದ ನೆಲದತ್ತ ನುಗ್ಗುತ್ತದೆ. ಅಲೆಗಳು ಒಂದರ ಮೇಲೊಂದು ಬಿದ್ದು ಛಿದ್ರವಾಗುತ್ತವೆ. ಅದೇ ಗಾಳಿ 2,524 ಮೀಟರು ಎತ್ತರದ ಪಿದುರುತಲಗಲ ಶಿಖರವುಳ್ಳ ಮಧ್ಯದ ಪರ್ವತಶ್ರೇಣಿಯನ್ನು ಏರಿ, ತನ್ನ ನೀರನ್ನೆಲ್ಲ ಪಡುವಣ ಇಳಿಜಾರಿನಲ್ಲಿ ಸುರಿದು, ಒಣಗಾಳಿಯಾಗಿ ಪೂರ್ವಕ್ಕೆ ಇಳಿಯುತ್ತದೆ. ಆಗುಂಬೆಯಲ್ಲಿ ಧಾರಾಕಾರ ಸುರಿದ ಮೋಡ ಚಿತ್ರದುರ್ಗದಲ್ಲಿ ಬರಿಗೈಯಾಗುವಂತೆಯೇ ಇದು. ಪೂರ್ವ ತೀರದವರು ಈ ಬಿಸಿಗಾಳಿಯನ್ನು ಕಚ್ಚಾನ್ ಎಂದು ಕರೆಯುತ್ತಾರೆ. ಅಲ್ಲಿ ಅದು ನೆಲದಿಂದ ಕಡಲಿನತ್ತ ಬೀಸುವುದರಿಂದ ಅಲೆಯ ಮುಖವನ್ನು ನೇವರಿಸಿ ನಯಗೊಳಿಸುತ್ತದೆ. ಮುರಿಯಬೇಕಾದ ಅಲೆಯನ್ನು ಇನ್ನೊಂದಿಷ್ಟು ಹೊತ್ತು ಎತ್ತಿ ಹಿಡಿಯುತ್ತದೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಈ ಲೆಕ್ಕ ತಿರುಗುಮುರುಗಾಗುತ್ತದೆ. ಆಗ ಹಿಕ್ಕಡುವ, ಮಿದಿಗಮ, ವೆಲಿಗಮಗಳ ಕಡಲು ಪ್ರಸನ್ನವಾಗಿರುತ್ತದೆ. ಪೂರ್ವದ ಊರುಗಳು ಮಳೆಗಾಲದ ನಿದ್ರೆಗೆ ಜಾರುತ್ತವೆ. ಇಷ್ಟು ತಿಳಿಯದೆ ಅಗ್ಗದ ಟಿಕೇಟು ಸಿಕ್ಕಿತೆಂದು ಹೊರಟವರು ಕಡಲ ಮುಂದೆ ಕೈಕಟ್ಟಿ ಕುಳಿತುಕೊಳ್ಳಬೇಕಾಗುತ್ತದೆ.

ಅಲೆ ಎಲ್ಲಿಂದ ಬರುತ್ತದೆ

ಎರಡನೆಯ ದಿನ ದಕ್ಷಿಣದ ತುದಿಯನ್ನು ಬಳಸಿ, ಮೊನರಾಗಲ ಹಾಗೂ ಲಾಹುಗಲದ ದಾರಿಯಾಗಿ, ಸಂಜೆಗೆ ಪೂರ್ವ ತೀರದ ಅರುಗಂ ಕೊಲ್ಲಿಯನ್ನು ಸೇರಿದೆವು. ಪೊತ್ತುವಿಲ್ ಪಟ್ಟಣಕ್ಕೆ ತಾಗಿಕೊಂಡಿರುವ ಈ ಸಣ್ಣ ಊರು 1970ರ ದಶಕದಿಂದಲೂ ಸರ್ಫಿಂಗ್ ಪ್ರಿಯರಿಗೆ ಪರಿಚಿತ. ತಮಿಳು ಮಾತನಾಡುವ ಮುಸಲ್ಮಾನರು, ತಮಿಳರು, ಸಿಂಹಳೀಯರು ಮೂವರೂ ಇಲ್ಲಿ ನೆಲೆಸಿದ್ದಾರೆ. ನಮ್ಮ ಚೆನ್ನೈಯ ಗೆಳೆಯರ ತಮಿಳು ಆ ವಾರವಿಡೀ ನಮ್ಮೆಲ್ಲರ ಊರುಗೋಲಾಯಿತು.

ಮರುದಿನ ಬೆಳಿಗ್ಗೆ ನಮಗೆ ಕಲಿಸಲು ಬಂದ ತರುಣ ಮೀನುಗಾರರ ಮನೆಯ ಹುಡುಗ. ಹಲಗೆಯನ್ನು ಮುಟ್ಟಲು ಬಿಡದೆ ಅರ್ಧ ಗಂಟೆ ನಮ್ಮನ್ನು ಮರಳಿನ ಮೇಲೆ ಕೂರಿಸಿ, ಸುಮ್ಮನೆ ಕಡಲನ್ನು ನೋಡಿ ಎಂದ. ನೋಡುತ್ತಿದ್ದಂತೆ ಒಂದು ಕ್ರಮ ಗೋಚರಿಸತೊಡಗಿತು. ಕೆಲವು ನಿಮಿಷ ಸಣ್ಣ ತೆರೆಗಳು, ಬಳಿಕ ಐದಾರು ದೊಡ್ಡ ಅಲೆಗಳ ಗುಂಪು, ಮತ್ತೆ ಶಾಂತಿ.

ಈ ಅಲೆಗಳು ಅರುಗಂ ಕೊಲ್ಲಿಯಲ್ಲಿ ಹುಟ್ಟಿದವಲ್ಲ. ಶ್ರೀಲಂಕೆಯ ದಕ್ಷಿಣಕ್ಕೆ ಅಂಟಾರ್ಕ್ಟಿಕದವರೆಗೆ ಅಡ್ಡಲಾಗಿ ಯಾವ ಭೂಖಂಡವೂ ಇಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ದಕ್ಷಿಣ ಗೋಳಾರ್ಧದಲ್ಲಿ ಚಳಿಗಾಲ; 40ರಿಂದ 50 ಡಿಗ್ರಿ ದಕ್ಷಿಣ ಅಕ್ಷಾಂಶಗಳ ನಡುವೆ ಬಿರುಗಾಳಿಗಳು ದಿನಗಟ್ಟಲೆ ಕಡಲನ್ನು ಕಲಕುತ್ತವೆ. ಅಲ್ಲಿ ಎದ್ದ ಅಸ್ತವ್ಯಸ್ತ ಅಲೆಗಳು ದೂರ ಸಾಗಿದಂತೆಲ್ಲ ತಮ್ಮಷ್ಟಕ್ಕೆ ವಿಂಗಡಣೆಗೊಳ್ಳುತ್ತವೆ: ಉದ್ದನೆಯ ಅಲೆಗಳು ಮುಂದೆ, ಗಿಡ್ಡ ಅಲೆಗಳು ಹಿಂದೆ. ಒಂದು ಉಬ್ಬಿನಿಂದ ಮುಂದಿನ ಉಬ್ಬಿಗೆ 15 ಸೆಕೆಂಡು ಅಂತರವಿರುವ ಅಲೆಗಳ ಗುಂಪು ಆಳಕಡಲಿನಲ್ಲಿ ಗಂಟೆಗೆ ಸುಮಾರು 42 ಕಿಲೋಮೀಟರು, ಅಂದರೆ ದಿನಕ್ಕೆ ಸುಮಾರು ಸಾವಿರ ಕಿಲೋಮೀಟರು ಕ್ರಮಿಸುತ್ತದೆ. 45 ಡಿಗ್ರಿ ದಕ್ಷಿಣದಿಂದ ಶ್ರೀಲಂಕೆಗೆ ಐದೂವರೆ ಸಾವಿರ ಕಿಲೋಮೀಟರಿಗೂ ಮಿಕ್ಕಿದ ದೂರ. ಹೀಗಾಗಿ ನಮ್ಮ ಪಾದ ತೋಯಿಸಿದ ಅಲೆ ಅಲ್ಲಿಂದ ಹೊರಟದ್ದು ನಾವು ಮುಂಬಯಿಯಲ್ಲಿ ಪೆಟ್ಟಿಗೆ ಕಟ್ಟುವುದಕ್ಕೂ ಮೊದಲೇ!

ಹಾಗೆಂದು ಅಷ್ಟು ದೂರದ ನೀರೇ ಇಲ್ಲಿಗೆ ಹರಿದು ಬಂದಿತೆಂದು ತಿಳಿಯಬಾರದು. ಗಾಳಿ ಬೀಸಿದಾಗ ಭತ್ತದ ಗದ್ದೆಯಲ್ಲಿ ಪೈರಿನ ಮೇಲೆ ಅಲೆ ಓಡುವುದನ್ನು ನಾವೆಲ್ಲ ಕಂಡಿದ್ದೇವೆ. ಓಡುವುದು ಬಾಗುವಿಕೆಯೇ ಹೊರತು ಪೈರಲ್ಲ. ಪೈರು ತನ್ನ ಬುಡದಲ್ಲಿಯೇ ಬಾಗಿ ಏಳುತ್ತದೆ. ಕಡಲಿನಲ್ಲಿಯೂ ನೀರು ಇದ್ದಲ್ಲಿಯೇ ವೃತ್ತಾಕಾರವಾಗಿ ಸುತ್ತುತ್ತದೆ. ಮುಂದೆ ಸಾಗುವುದು ಶಕ್ತಿ ಮಾತ್ರ. ಬೇರೆ ಬೇರೆ ಅಂತರದ ಅಲೆಗಳು ಒಂದರೊಡನೊಂದು ಕೂಡಿದಾಗ ದೊಡ್ಡವು, ಕಳೆದಾಗ ಸಣ್ಣವು. ನಾವು ಕಂಡ ಗುಂಪುಗಳ ಗುಟ್ಟು ಇದೇ.

ರೂಪ ಕೊಡುವುದು ದಡ

ಆಳಕಡಲಿನಿಂದ ಬಂದ ಅಲೆಗೆ ದಡದ ಹತ್ತಿರ ಕಡಲತಳ ತಾಗುತ್ತದೆ. ತಳ ತಾಗಿದೊಡನೆ ವೇಗ ಕುಗ್ಗುತ್ತದೆ, ಎತ್ತರ ಹೆಚ್ಚುತ್ತದೆ. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅಲೆಯ ನೆತ್ತಿ ಬುಡವನ್ನು ಮೀರಿ ಮುಂದಕ್ಕೆ ಬಾಗಿ ಮುರಿಯುತ್ತದೆ. ಒಂದು ಮೀಟರು ಎತ್ತರದ ಅಲೆ ಮುರಿಯುತ್ತಿದ್ದರೆ ಅಲ್ಲಿ ನೀರು ಹೆಚ್ಚುಕಡಿಮೆ ಎದೆಮಟ್ಟ ಎಂದು ದಡದಿಂದಲೇ ಊಹಿಸಬಹುದು.

ಹೇಗೆ ಮುರಿಯುತ್ತದೆಂಬುದು ತಳದ ಸ್ವರೂಪವನ್ನು ಅವಲಂಬಿಸಿದೆ. ತಳ ಮರಳಾಗಿದ್ದರೆ ಅಲೆ ಋತುವಿಗೊಂದು ಕಡೆ ಮುರಿಯುತ್ತದೆ, ಏಕೆಂದರೆ ಮರಳು ಒಂದೆಡೆ ನಿಲ್ಲುವಂಥದಲ್ಲ. ತಳದಲ್ಲಿ ಹವಳದ ದಿಬ್ಬ ಅಥವಾ ಬಂಡೆಯಿದ್ದರೆ ಪ್ರತಿಬಾರಿಯೂ ಬಹುಮಟ್ಟಿಗೆ ಅದೇ ಸ್ಥಳದಲ್ಲಿ, ಅದೇ ಆಕಾರದಲ್ಲಿ ಮುರಿಯುತ್ತದೆ. ಮೂರನೆಯದು ಭೂಶಿರ, ಅರುಗಂ ಕೊಲ್ಲಿಯ ಖ್ಯಾತಿಗೆ ಕಾರಣವಾದದ್ದು ಇದೇ. ದಕ್ಷಿಣದಿಂದ ಬಂದ ಅಲೆಯ ಒಂದು ತುದಿ ಭೂಶಿರದ ಬಳಿಯ ಆಳವಿಲ್ಲದ ನೀರಿನಲ್ಲಿ ನಿಧಾನವಾಗುತ್ತದೆ, ಆಳದಲ್ಲಿರುವ ಇನ್ನೊಂದು ತುದಿ ವೇಗವಾಗಿಯೇ ಸಾಗುತ್ತದೆ. ರಥಬೀದಿಯ ತಿರುವಿನಲ್ಲಿ ತೇರೆಳೆಯುವಾಗ ಒಳಬದಿಯವರು ಹೆಜ್ಜೆ ಕಿರಿದಾಗಿಸಿ, ಹೊರಬದಿಯವರು ದಾಪುಗಾಲಿಟ್ಟು ಇಡೀ ಸಾಲು ತಿರುಗುತ್ತದಲ್ಲವೇ? ಹಾಗೆಯೇ ಅಲೆಯ ಸಾಲು ಭೂಶಿರವನ್ನು ಬಳಸಿ ಕೊಲ್ಲಿಯೊಳಕ್ಕೆ ತಿರುಗಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಪುಸ್ತಕದ ಹಾಳೆ ಮಗುಚಿದಂತೆ ಕ್ರಮವಾಗಿ ಮುರಿಯುತ್ತ ಹೋಗುತ್ತದೆ. ಅದರ ಮುಖದ ಮೇಲೆ ನಿಂತ ನುರಿತ ಸವಾರ ನೂರಾರು ಮೀಟರು ದೂರ ಸಾಗಬಲ್ಲ.

ಐವತ್ತು ದಾಟಿದವರಿಗೆ ಹಲಗೆ

ನುರಿತವರ ಆ ಮುಖ್ಯ ಸ್ಥಳದ ತಳದಲ್ಲಿ ಹರಿತವಾದ ಬಂಡೆ ಹವಳಗಳಿವೆ; ಅದು ನಮ್ಮಂಥವರಿಗಲ್ಲ. ಕೊಲ್ಲಿಯ ಒಳಭಾಗದಲ್ಲಿ ಬೇಬಿ ಪಾಯಿಂಟ್ ಎಂಬಲ್ಲಿ, ಸೊಂಟಮಟ್ಟದ ನೀರಿನಲ್ಲಿ ನಮ್ಮ ಪಾಠ ಆರಂಭವಾಯಿತು. ಕಲಿಯುವವರಿಗೆ ಎಂಟು ಒಂಬತ್ತು ಅಡಿ ಉದ್ದದ, ಮೇಲ್ಮೈ ಮೆತ್ತಗಿರುವ ಹಲಗೆ ಕೊಡುತ್ತಾರೆ. ಹಲಗೆ ಉದ್ದವಾದಷ್ಟೂ ನೀರಿನ ಮೇಲೆ ಸ್ಥಿರ. ಅದರ ಹಗ್ಗವನ್ನು ಕಾಲಿಗೆ ಕಟ್ಟಿಕೊಳ್ಳಬೇಕು. ಬಿದ್ದಾಗ ಹಲಗೆ ದೂರ ಹೋಗದಂತೆ, ಇನ್ನೊಬ್ಬರ ತಲೆಗೆ ಬಡಿಯದಂತೆ ಅದು ಕಾಪಾಡುತ್ತದೆ. ಮೊದಲು ಮರಳಿನ ಮೇಲೆಯೇ ಅಭ್ಯಾಸ: ಬೋರಲು ಮಲಗುವುದು, ಅಂಗೈ ಊರುವುದು, ಒಂದೇ ಸಲಕ್ಕೆ ಎರಡೂ ಪಾದಗಳನ್ನು ಎದೆಯ ಕೆಳಗೆ ತರುವುದು. ಸೂರ್ಯನಮಸ್ಕಾರದ ಅಭ್ಯಾಸವಿದ್ದವರಿಗೆ ಈ ಚಲನೆ ಹೊಸದೇನಲ್ಲ. ನಮ್ಮಲ್ಲಿ ಮೊದಲು ಎದ್ದು ನಿಂತವರು ಚೆನ್ನೈಯ ಗೆಳೆಯರ ಪತ್ನಿ, ನಿವೃತ್ತ ಶಾಲಾ ಅಧ್ಯಾಪಕಿ. ಮುರಿದ ಅಲೆಯ ಬಿಳಿನೊರೆ ಅವರನ್ನು ದಡದವರೆಗೆ ತಂದು ಬಿಟ್ಟಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅರುಗಂ ಕೊಲ್ಲಿಯಲ್ಲಿ 2018ರಲ್ಲಿ ದೇಶದ ಮೊದಲ ಮಹಿಳಾ ಸರ್ಫಿಂಗ್ ಕ್ಲಬ್ಬು ಆರಂಭವಾಯಿತೆಂಬುದನ್ನು ಕೇಳಿ ಅವರಿಗೆ ಇನ್ನಷ್ಟು ಹುಮ್ಮಸ್ಸು ಬಂದಿತು.

ಈ ಆಟದಲ್ಲಿ ಎದ್ದು ನಿಲ್ಲುವ ಹೊತ್ತು ಅತ್ಯಲ್ಪ. ಬೋರಲು ಮಲಗಿ ಕೈಯಿಂದ ಹುಟ್ಟು ಹಾಕುವ ಹೊತ್ತೇ ಅಧಿಕ. ಭುಜ ಮತ್ತು ಬೆನ್ನಿನ ಮೇಲೆ ಅದರ ಭಾರ ಬೀಳುತ್ತದೆ. ಹೃದಯ, ರಕ್ತದೊತ್ತಡ ಅಥವಾ ಭುಜದ ತೊಂದರೆ ಉಳ್ಳವರು ವೈದ್ಯರ ಸಲಹೆ ಪಡೆಯದೆ ಇಳಿಯಬಾರದು. ನಮ್ಮಲ್ಲಿ ಇಬ್ಬರು ದಡದಲ್ಲಿಯೇ ಕುಳಿತರು; ಅವರ ಆನಂದಕ್ಕೂ ಕೊರತೆಯಾಗಲಿಲ್ಲ. ಅಲೆಗಳ ನಡುವೆಯೂ ಶಿಷ್ಟಾಚಾರವಿದೆ: ಅಲೆ ಮೊದಲು ಮುರಿಯುವ ಜಾಗಕ್ಕೆ ಯಾರು ಹತ್ತಿರವೋ ಆ ಅಲೆ ಅವರದು, ಅಡ್ಡ ನುಗ್ಗುವುದು ಅಪಚಾರ.

ಜೀವ ಉಳಿಸುವ ತಿಳಿವಳಿಕೆ: ಸೆಳವು

ಈ ಲೇಖನದಲ್ಲಿ ಬೇರೇನು ಮರೆತರೂ ಈ ಒಂದು ಭಾಗವನ್ನು ಮರೆಯಬಾರದೆಂದು ನಮ್ಮ ವಿನಂತಿ. ಕಡಲತೀರಗಳಲ್ಲಿ ಪ್ರಾಣ ತೆಗೆಯುವುದು ಹೆಚ್ಚಾಗಿ ದೊಡ್ಡ ಅಲೆಯಲ್ಲ, ಸೆಳವು. ಅಲೆಗಳು ಸತತವಾಗಿ ದಡಕ್ಕೆ ತಂದು ಸುರಿಯುವ ನೀರು ಎಲ್ಲಿಂದಲಾದರೂ ಹಿಂದಿರುಗಲೇಬೇಕು. ಮರಳ ದಿಬ್ಬಗಳ ನಡುವೆ ತಗ್ಗು ಸಿಕ್ಕಿದಲ್ಲಿ ಅದು ಕಿರಿದಾದ ಹೊಳೆಯಂತೆ ರಭಸದಿಂದ ಕಡಲಿಗೆ ಮರಳುತ್ತದೆ. ಇದರ ವೇಗ ಸೆಕೆಂಡಿಗೆ 2 ಮೀಟರಿಗೂ ಮಿಕ್ಕಿರುವುದುಂಟು. ಒಲಿಂಪಿಕ್ ಈಜುಗಾರನೂ ಅದರ ವಿರುದ್ಧ ಹೆಚ್ಚು ಹೊತ್ತು ಈಜಲಾರ.

ದುರದೃಷ್ಟವಶಾತ್, ಸೆಳವಿರುವ ಜಾಗವೇ ಹೊಸಬರ ಕಣ್ಣಿಗೆ ಸುರಕ್ಷಿತವೆನಿಸುತ್ತದೆ. ಎರಡೂ ಬದಿಯಲ್ಲಿ ಬಿಳಿನೊರೆಯ ಅಲೆಗಳು ಮುರಿಯುತ್ತಿದ್ದು, ನಡುವೆ ಕಪ್ಪಾಗಿ, ಶಾಂತವಾಗಿ ಕಾಣುವ ಪಟ್ಟಿಯೇ ಅದು. ಮಕ್ಕಳನ್ನು ಆಡಿಸಲು ಇದೇ ಪ್ರಶಸ್ತವೆಂದು ತಂದೆತಾಯಿಯರು ಅಲ್ಲಿಯೇ ಇಳಿಯುತ್ತಾರೆ. ಸೆಳವಿಗೆ ಸಿಕ್ಕಿದರೆ ಮಾಡಬೇಕಾದುದಿಷ್ಟು. ಗಾಬರಿಯಾಗಬಾರದು, ಅದು ಮನುಷ್ಯನನ್ನು ದೂರಕ್ಕೆ ಒಯ್ಯುತ್ತದೆಯೇ ಹೊರತು ಆಳಕ್ಕೆ ಎಳೆಯುವುದಿಲ್ಲ. ದಡದತ್ತ ನೇರವಾಗಿ ಈಜಿ ಬಲಗುಂದಬಾರದು. ತೇಲುತ್ತ ಒಂದು ಕೈಯೆತ್ತಿ ನೆರವು ಕೇಳಬೇಕು. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ನೊರೆಯಿರುವ ಜಾಗ ಸೇರಿದ ಬಳಿಕ ಅಲೆಗಳ ಜೊತೆ ದಡಕ್ಕೆ ಬರಬೇಕು. ಈಜು ಬಾರದವರು ಸಿಕ್ಕಿಬಿದ್ದವರನ್ನು ಉಳಿಸಲು ತಾವೂ ಹಾರಬಾರದು. ಹಗ್ಗ, ಹಲಗೆ, ಖಾಲಿ ಡಬ್ಬಿ, ತೇಲುವ ಏನನ್ನಾದರೂ ಎಸೆಯಬೇಕು. ಜುಹೂ ಆಗಲಿ, ಮರೀನಾ ಆಗಲಿ, ಮಲ್ಪೆ, ಮುರುಡೇಶ್ವರವೇ ಆಗಲಿ, ನಿಯಮ ಒಂದೇ.

ಕಾಡು, ಆನೆ ಮತ್ತು ಮರಳು

ಅರುಗಂ ಕೊಲ್ಲಿಯಲ್ಲಿ ಬೆಳಿಗ್ಗೆ ಕಡಲಾದರೆ ಸಂಜೆ ಕಾಡು. ನಾವು ಬಂದ ದಾರಿಯ ಲಾಹುಗಲ ಸುಮಾರು 1,550 ಹೆಕ್ಟೇರಿನ ಪುಟ್ಟ ರಾಷ್ಟ್ರೀಯ ಉದ್ಯಾನ. ಬೇಸಿಗೆಯ ತಿಂಗಳುಗಳಲ್ಲಿ ಅಲ್ಲಿನ ಕೆರೆಯ ಹುಲ್ಲನ್ನು ಮೇಯಲು ಆನೆಗಳು ನೆರೆಯುತ್ತವೆ. ರಸ್ತೆಯಿಂದಲೇ ಹನ್ನೊಂದು ಆನೆಗಳನ್ನು ನಾವು ಎಣಿಸಿದೆವು.

ದಕ್ಷಿಣಕ್ಕೆ ಒಕಂದ ಎಂಬಲ್ಲಿ ಮುರುಗನ ಗುಡಿಯಿದೆ. ಅದರಾಚೆ 35,664 ಹೆಕ್ಟೇರಿನ ಕುಮನ ರಾಷ್ಟ್ರೀಯ ಉದ್ಯಾನ. ಇಲ್ಲಿನ ಪಕ್ಷಿಧಾಮ 1938ರಷ್ಟು ಹಿಂದಿನದು. ಅಂತರ್ಯುದ್ಧದ ಕಾರಣ 1985ರಿಂದ 2003ರವರೆಗೆ ಈ ಉದ್ಯಾನ ಮುಚ್ಚಿತ್ತು. ಉತ್ತರದ ಜಾಫ್ನಾ ಕಡೆಯಿಂದ ವಾರಗಟ್ಟಲೆ ನಡೆದು ಬರುವ ಯಾತ್ರಿಕರು ಕತರಗಾಮದ ಸ್ಕಂದನ ಉತ್ಸವಕ್ಕೆ ಇದೇ ಕಾಡಿನ ನಡುವೆ ಹಾದು ಹೋಗುತ್ತಾರೆ. ಕುಕ್ಕೆಯ ಸುಬ್ರಹ್ಮಣ್ಯನಿಗೆ ನಡೆದುಕೊಳ್ಳುವ ಮನೆತನದ ನಮ್ಮ ಗೆಳೆಯರೊಬ್ಬರು ಒಕಂದದ ಗುಡಿಯ ಮುಂದೆ ಬಹಳ ಹೊತ್ತು ಕೈಮುಗಿದು ನಿಂತರು.

ಕುಮನದ ಜೀವಾಳ ಸುಮಾರು 200 ಹೆಕ್ಟೇರಿನ ಜೌಗುಕೆರೆ. ಕುಂಬುಕ್ಕನ್ ಹೊಳೆಯ ಸಿಹಿನೀರು ಕಿರುಗಾಲುವೆಯೊಂದರ ಮೂಲಕ ಅದನ್ನು ತುಂಬುತ್ತದೆ; ಒಮ್ಮೊಮ್ಮೆ ಕಡಲ ನೀರೂ ನುಗ್ಗುತ್ತದೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಚಮಚದಂಥ ಕೊಕ್ಕಿನ ಹಕ್ಕಿಗಳನ್ನು ಅಲ್ಲಿ ಕಂಡಾಗ ರಂಗನತಿಟ್ಟು, ಕೊಕ್ಕರೆ ಬೆಳ್ಳೂರುಗಳ ನೆನಪಾಯಿತು. ಚಿರತೆ ಕಾಣಲಿಲ್ಲ, ಹಸಿಮಣ್ಣಿನ ಮೇಲೆ ಅದರ ಹೆಜ್ಜೆ ಮಾತ್ರ ಇತ್ತು. ಪೊತ್ತುವಿಲ್‌ನ ಹಿನ್ನೀರಿನಲ್ಲಿ ಯಂತ್ರವಿಲ್ಲದ ದೋಣಿಯಲ್ಲಿ ಕಾಂಡ್ಲಾ ಗಿಡಗಳ ನಡುವೆ ಕಳೆದ ಸಂಜೆಯೂ ಮರೆಯುವಂಥದಲ್ಲ. ದೋಣಿ ನಡೆಸುವವರು ಅಲ್ಲಿನ ಮೀನುಗಾರರೇ. ತನ್ನ ಎಲ್ಲ ಕಾಂಡ್ಲಾ ವನಗಳನ್ನೂ ಸಂರಕ್ಷಿಸುವ ಯೋಜನೆಯನ್ನು 2015ರಲ್ಲಿ ಕೈಗೊಂಡ ಶ್ರೀಲಂಕೆ, ಅಂಥ ಸಂಕಲ್ಪ ಮಾಡಿದ ಮೊದಲ ರಾಷ್ಟ್ರವೆಂದು ಹೆಸರು ಪಡೆಯಿತು.

ಅಲೆಯ ವಿಚಾರದಲ್ಲಿ ಕಾಡಿನ ಮಾತೇಕೆ ಎಂದು ಕೇಳಬಹುದು. ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ ಕಡಲತೀರವೆಂಬುದು ಮರಳಿನ ಉಳಿತಾಯ ಖಾತೆ. ಕಾಡಿನ ಬೆಟ್ಟಗಳನ್ನು ಸವೆಯಿಸಿ ಬರುವ ಹೊಳೆ ಅದಕ್ಕೆ ಮರಳನ್ನು ಜಮಾ ಮಾಡುತ್ತದೆ. ಮುಂಗಾರಿನ ಅಲೆಗಳು ತೆಗೆದು ಒಯ್ಯುತ್ತವೆ, ಶಾಂತ ಋತುವಿನ ಅಲೆಗಳು ಮರಳಿ ತಂದಿಡುತ್ತವೆ. ಹೊಳೆಯ ಮರಳನ್ನು ಲಾರಿಗಳಲ್ಲಿ ಸಾಗಿಸಿದರೆ, ಅಳಿವೆಗೆ ಅಡ್ಡಲಾಗಿ ಒಡ್ಡು ಕಟ್ಟಿ ಮರಳಿನ ನಡೆಯನ್ನು ತಡೆದರೆ, ಜಮೆ ನಿಂತು ಖರ್ಚು ಮಾತ್ರ ಮುಂದುವರಿಯುತ್ತದೆ. ಅಂಥ ಖಾತೆ ಎಷ್ಟು ದಿನ ಉಳಿದೀತು?

2004 ಕಲಿಸಿದ ಪಾಠ

ದಡ ಹಾಳಾದರೆ ಏನಾಗುತ್ತದೆಂಬುದಕ್ಕೆ ಶ್ರೀಲಂಕೆ ತೆತ್ತ ಬೆಲೆ ದೊಡ್ಡದು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಅಲ್ಲಿ 30,000ಕ್ಕೂ ಹೆಚ್ಚು ಜನ ಮಡಿದರು. ಅರುಗಂ ಕೊಲ್ಲಿಯೂ ನುಚ್ಚುನೂರಾಯಿತು. ಸುನಾಮಿ ಸರ್ಫಿಂಗ್ ಅಲೆಯ ದೊಡ್ಡಣ್ಣನಲ್ಲ, ಅದರ ಜಾತಿಯೇ ಬೇರೆ. ಗಾಳಿಯ ಅಲೆ ಕಡಲಿನ ಮೇಲ್ಪದರವನ್ನಷ್ಟೇ ಅಲುಗಿಸುತ್ತದೆ. ಸುನಾಮಿಯಲ್ಲಿ ತಳದಿಂದ ಮೇಲಿನವರೆಗೆ ಇಡೀ ಕಡಲೇ ಚಲಿಸುತ್ತದೆ. ಒಂದು ಉಬ್ಬು ಬಂದು ಇಳಿಯಲು ಹತ್ತಾರು ನಿಮಿಷ ಹಿಡಿಯುತ್ತದೆ.

ಹಿಕ್ಕಡುವದ ಉತ್ತರಕ್ಕೆ ಕೇವಲ 3 ಕಿಲೋಮೀಟರಿನಷ್ಟು ದೂರದ ಪೆರಲಿಯ ಎಂಬ ಹಳ್ಳಿಯಲ್ಲಿ ಆ ದಿನ ಸುಮಾರು 10 ಮೀಟರು ಎತ್ತರದ ನೀರು ಒಂದೂವರೆ ಕಿಲೋಮೀಟರು ಒಳಕ್ಕೆ ನುಗ್ಗಿತು. ಕೊಲಂಬೊದಿಂದ ಬಂದು ಅಲ್ಲಿ ನಿಂತಿದ್ದ ರೈಲು ಹಳಿಯಿಂದ ಕೊಚ್ಚಿಹೋಗಿ ಸಾವಿರಕ್ಕೂ ಮಿಕ್ಕಿದ ಜನ ಅಸುನೀಗಿದರು. ಹಿಕ್ಕಡುವದಲ್ಲಾದರೋ ನೀರು 2ರಿಂದ 3 ಮೀಟರು ಮಾತ್ರ ಎದ್ದು, 50 ಮೀಟರಿನಷ್ಟು ಒಳಬಂದು ಹಿಂದಿರುಗಿತು. ಆ ಬಳಿಕ ತೀರವನ್ನು ಪರಿಶೀಲಿಸಿದ ವಿಜ್ಞಾನಿಗಳು ಗುರುತಿಸಿದ ಮುಖ್ಯ ವ್ಯತ್ಯಾಸ ಹವಳ. ಹಿಕ್ಕಡುವದ ಹವಳದ ದಿಬ್ಬಗಳಿಗೆ 1979ರಿಂದಲೂ ಕಾನೂನಿನ ರಕ್ಷಣೆಯಿದೆ. 2002ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಪೆರಲಿಯದ ಕಡೆ ಹವಳವನ್ನು ಅಕ್ರಮವಾಗಿ ಕಿತ್ತು ತೆಗೆಯಲಾಗಿತ್ತು. ಆ ಕರಾವಳಿಯಲ್ಲಿ ಹವಳವನ್ನು ಗೂಡುಗಳಲ್ಲಿ ಸುಟ್ಟು ಸುಣ್ಣ ಮಾಡುವುದು ಬಹುಕಾಲದ ದಂಧೆ. ಕಡಲತಳದ ಇಳಿಜಾರಿನಂಥ ಇತರ ಕಾರಣಗಳೂ ಇಂಥಲ್ಲಿ ಸೇರಿರುತ್ತವೆಂಬುದು ನಿಜ. ಆದರೂ ಹವಳ ಕಿತ್ತ ಕಡೆ ನೀರಿಗೆ ಬಾಗಿಲು ತೆರೆದಂತಾಗಿತ್ತು ಎಂಬ ಅವರ ನಿರ್ಣಯ ಗಮನಾರ್ಹ. ಯಾಲದಲ್ಲಿಯೂ ಇಂಥದೇ ನಿದರ್ಶನವಿದೆ. ಕೋಣೆಯಿಂದ ಕಡಲು ಚೆನ್ನಾಗಿ ಕಾಣಲೆಂದು ಮುಂದಿನ ಮರಳ ದಿಬ್ಬವನ್ನು ತಗ್ಗಿಸಿದ್ದ ವಸತಿಗೃಹ ನೆಲಸಮವಾಯಿತು. ದಿಬ್ಬ ಉಳಿದಿದ್ದ ಕಡೆ ಹಾನಿ ಕಡಿಮೆಯಾಯಿತು.

ಹಿಂದಿರುಗುವ ದಾರಿಯಲ್ಲಿ ಪೆರಲಿಯದ ಸ್ಮಾರಕದ ಮುಂದೆ ನಿಂತಾಗ ನಮಗೆ ಒಂದು ಸಂಗತಿ ಸ್ಪಷ್ಟವಾಯಿತು. ಆಟಗಾರನಿಗೆ ಅಲೆಯನ್ನು ಕಟ್ಟಿಕೊಡುವ ಹವಳದ ದಿಬ್ಬವೇ ಊರಿಗೆ ಕೋಟೆ. ಹಲಗೆ ಕಲಿಯಲು ಮೆತ್ತನೆಯ ತಳ ಕೊಡುವ ಮರಳೇ ತೆಂಗಿನ ತೋಟದ ಬೇಲಿ.

ನಮ್ಮ ಕರಾವಳಿಯ ಕಡೆಗೆ

ಸರ್ಫಿಂಗ್ ಭಾರತದಲ್ಲಿ ಮೊದಮೊದಲು ಬೇರೂರಿದ ಸ್ಥಳಗಳಲ್ಲಿ ನಮ್ಮ ಮೂಲ್ಕಿಯೂ ಒಂದು. 2016ರಲ್ಲಿ ಪಕ್ಕದ ಸಸಿಹಿತ್ಲುವಿನಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆ ನಡೆಯಿತು. ಅದೇ ಜಿಲ್ಲೆಯ ಉಳ್ಳಾಲದಲ್ಲಿ ಮಳೆಗಾಲ ಬಂದಾಗ ಕಡಲ್ಕೊರೆತ, ಮನೆಗಳ ಮುಂದೆ ಬಂಡೆಗಲ್ಲುಗಳ ರಾಶಿ. ನಮ್ಮ ತಂಡದ ಗೆಳೆಯರೊಬ್ಬರ ಮೂಲಮನೆ ಆ ಸಮೀಪದ್ದು. ಅವರ ತಂದೆ ನೆಟ್ಟ ತೆಂಗಿನ ಎರಡು ಸಾಲು ಈಗ ಕಡಲಿನೊಳಗಿದೆ. ಬಂಡೆಗಳ ರಾಶಿ ಒಂದು ಮನೆಯನ್ನು ಉಳಿಸೀತು, ಆದರೆ ಅಲೆಯ ಬಲವನ್ನು ಪಕ್ಕದ ಮನೆಯತ್ತ ತಿರುಗಿಸುತ್ತದೆ. ಮರಳನ್ನಂತೂ ಅದು ಹುಟ್ಟಿಸಲಾರದು. ನದಿಯ ಮರಳು, ಅಳಿವೆಯ ಕಾಂಡ್ಲಾ, ತೀರದ ದಿಬ್ಬಗಳನ್ನು ಉಳಿಸಿಕೊಳ್ಳುವುದೇ ಮೂಲ ಪರಿಹಾರ. ಊರಿನಲ್ಲಿ ಜಾಗವುಳ್ಳ ಮುಂಬಯಿ, ಪುಣೆಗಳ ನಮ್ಮ ಬಂಧುಗಳು ಕಡಲಂಚಿನಲ್ಲಿ ಮನೆ, ರೆಸಾರ್ಟು ಕಟ್ಟಿಸುವಾಗ ದಿಬ್ಬವನ್ನು ತಗ್ಗಿಸದಿರುವ ಸಂಯಮವನ್ನಾದರೂ ತೋರಬಹುದಲ್ಲವೇ?

ಹೊರಡಲು ಬಯಸುವವರಿಗೆ ಕೆಲವು ಸೂಚನೆಗಳು. ನವೆಂಬರಿನಿಂದ ಏಪ್ರಿಲ್‌ವರೆಗೆ ದಕ್ಷಿಣ ಮತ್ತು ಪಶ್ಚಿಮ ತೀರವನ್ನು, ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಪೂರ್ವ ತೀರವನ್ನು ಆರಿಸಿಕೊಳ್ಳಿ. ಕಲಿಯುವವರಿಗೆ ಮರಳುತಳದ ವೆಲಿಗಮ ಅಥವಾ ಅರುಗಂ ಕೊಲ್ಲಿಯ ಒಳಭಾಗ ಉತ್ತಮ. ವೀಸಾ ನಿಯಮಗಳು ಆಗಾಗ ಬದಲಾಗುವುದರಿಂದ ಹೊರಡುವ ಮುನ್ನ ಪರಿಶೀಲಿಸಿ. ಹವಳದ ಮೇಲೆ ಕಾಲಿಡಬೇಡಿ, ನೆನಪಿಗೆಂದು ತುಂಡೊಂದನ್ನೂ ತರಬೇಡಿ. ಸಸ್ಯಾಹಾರಿಗಳು ಅಂಜಬೇಕಾಗಿಲ್ಲ, ಒತ್ತುಶ್ಯಾವಿಗೆ, ಅಪ್ಪ, ಬೇಳೆಸಾರು ಎಲ್ಲೆಡೆ ದೊರೆಯುತ್ತವೆ. ಎಮ್ಮೆಮೊಸರಿಗೆ ಬೈನೆ ಮರದ ಬೆಲ್ಲದ ಪಾಕ ಬೆರೆಸಿ ಕೊಡುವ ತಿನಿಸು ನಮ್ಮವರ ನಾಲಿಗೆಗೆ ಬಹಳ ಹಿಡಿಸುವಂಥದು.

ಸಾಧ್ಯವಾದಷ್ಟೂ ಸ್ಥಳೀಯರ ಚಿಕ್ಕ ವಸತಿಗಳಲ್ಲಿ ತಂಗಿ. 2018ರಲ್ಲಿ 23 ಲಕ್ಷ ಪ್ರವಾಸಿಗರನ್ನು ಕಂಡಿದ್ದ ಆ ದೇಶಕ್ಕೆ 2021ರಲ್ಲಿ ಬಂದವರು ಎರಡು ಲಕ್ಷಕ್ಕೂ ಕಡಿಮೆ. ಮರುವರ್ಷ ವಿದೇಶಿ ಸಾಲದ ಕಂತು ಕಟ್ಟಲಾಗದ ಸ್ಥಿತಿ ಬಂದಿತು. 2024ರಲ್ಲಿ ಸಂಖ್ಯೆ ಮತ್ತೆ 20 ಲಕ್ಷ ದಾಟಿತು; ಬಂದವರಲ್ಲಿ ಭಾರತೀಯರೇ ಮೊದಲಿಗರು. ನಾವು ಕೊಡುವ ಬಾಡಿಗೆ ನೇರವಾಗಿ ಒಂದು ಮೀನುಗಾರ ಕುಟುಂಬವನ್ನು ಸೇರಿದರೆ, ದಡವನ್ನು ಕಾಯಲು ಆ ಕುಟುಂಬಕ್ಕೂ ಒಂದು ಕಾರಣ ದೊರೆಯುತ್ತದೆ. ಹವಳ ಸುಟ್ಟು ಬರುವ ಸುಣ್ಣದ ಕಾಸಿಗಿಂತ ಜೀವಂತ ಹವಳದಿಂದ ಬರುವ ಆದಾಯ ಹೆಚ್ಚೆಂಬುದನ್ನು ಅಂಥ ಮನೆಗಳಿಗೆ ಉಪದೇಶ ಮಾಡಬೇಕಾಗಿಲ್ಲ. ಲೆಕ್ಕ ಅವರಿಗೇ ತಿಳಿಯುತ್ತದೆ.